ಹಾಲಮ್ಮಕ್ಕ ಒತ್ತಿದ ಉತ್ತರಗಳು

...ಟೀ ಬೇಡ ಹಾಲಮ್ಮಕ್ಕಾ, ಕೂತ್ಕಳಿ ಸಾಕು. ಇಲ್ಲ, ಕೋಪ ಏನಿಲ್ಲ. ಸುಸ್ತು ಅಷ್ಟೇ. ತರೀಕೆರೆ ಬಿಟ್ಟು, ಅಜ್ಜಂಪುರದಲ್ಲಿ ಕೆಲ್ಸ ಮುಗಿಸ್ಕೊಂಡು ಈಗ ನಿಮ್ಮ ಪಂಚನಹಳ್ಳಿ. ಈ ಮೆಹನಾಜ್ ಬಂದ್ರೆ ಏನಾದ್ರೂ ತಿನ್ನಿಸ್ದೆ ಕಳ್ಸಲ್ಲ ನೀವು, ಗೊತ್ತು. ಇವತ್ತೊಂದಿನ ಬಿಡಿ.

ಫೋನ್ ಕೊಡಿ ಇಲ್ಲಿ. ದಿನಾ ಸಂಜೆ ಪ್ರಶ್ನೆಗಳಿಗೆ ಉತ್ತರ ಒತ್ತೀರಲ್ಲ, ಅದು. ಹಸಿವು ಇದೆಯಾ... ಇದೆ. ವಾಂತಿ... ಇಲ್ಲ. ಮಂಡಿ ನೋವು... ಇಲ್ಲ. ದಿನಾ ಇದೇ, ದಿನಾ ಇದೇ. ಯಾಕೆ ನಗ್ತೀರಾ? ನೀವು ಇಲ್ಲಿ ಒತ್ತಿದ್ದು ನಮ್ಮ ಆಸ್ಪತ್ರೆ ಕಂಪ್ಯೂಟರಿಗೆ ಹೋಗುತ್ತೆ, ಅಲ್ಲಿಂದ ಮಾತ್ರೆ ಕಂಪನಿಯೋರಿಗೆ. ಮಂಡಿ ನೋವಿಗೆ ಪರೀಕ್ಷೆಗೆ ಅಂತ ಕೊಟ್ಟಿರೋ ಹೊಸ ಮಾತ್ರೆ ಮೈಗೆ ಹಿಡಿಸುತ್ತಾ ಇಲ್ವಾ ಅಂತ ಅವರು ಅದನ್ನೇ ನೋಡ್ಕೊಂಡು ಹೇಳ್ಬೇಕು. ನಿಮ್ಮ ಮುಖ ಅವರೇನು ಕಂಡಿದಾರಾ?

ಇಲ್ಲ ಇಲ್ಲ, ಗಾಬರಿ ಆಗ್ಬೇಡಿ. ರಕ್ತ ತಗೊಂಡಿದ್ನಲ್ಲ, ಆ ರಿಪೋರ್ಟಲ್ಲಿ ಒಂದು ಕಡೆ ಕೆಂಪು ಗುರುತು ಬಂದಿದೆ. ಟೈಪ್ ಮಾಡೋರು ತಪ್ಪು ಮಾಡಿದ್ರೂ ಬರುತ್ತೆ. ಹೋಗಿ ನೋಡ್ಕೊಂಡು ಬಾ ಅಂದ್ರು, ಬಂದೆ.

ಬಾಗಿಲ ಹತ್ರ ಬನ್ನಿ ಒಂಚೂರು, ಬೆಳಕಿಗೆ. ಕಣ್ಣು ಬಿಡಿ... ಅಕ್ಕಾ, ನನ್ನ ನೋಡಿ. ಮುಖದ ಮೇಲಿಂದ ಸೆರಗು ತೆಗೀರಿ.

ಎಷ್ಟು ದಿನದಿಂದ ಕಣ್ಣು ಹಿಂಗೆ ಹಳದಿ? ಸುಳ್ಳು ಹೇಳ್ಬೇಡಿ. ನಿಮ್ಮ ಸೊಸೆ ಶಶಿ ಹೊರಗೇ ಸಿಕ್ಕಿದ್ಲು. ಮುದ್ದೆ ಮುರಿದು ಹಂಗೇ ಬಿಡ್ತಾರೆ, ಹಿತ್ತಲಲ್ಲಿ ಯಾರಿಗೂ ಕಾಣ್ದಂಗೆ ವಾಂತಿ ಮಾಡ್ತಾರೆ ಅಂದ್ಲು. ಅವಳ ಮೇಲೆ ರೇಗ್ಬೇಡಿ. ವಾಂತಿ 'ಇದೆ' ಅಂತ ಒತ್ತಿದ್ರೆ ಮಾತ್ರೆ ನಿಲ್ಸಿಬಿಡ್ತಾರೆ ಅಂದ್ಕೊಂಡ್ರಾ?

ಗೊತ್ತು ಕಣಕ್ಕಾ. ಮೊದಲ್ನೇ ಸಲ ನಾನು ಬಂದಾಗ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ರಿ. ಯುಗಾದಿ ಆದ್ಮೇಲೆ ಮೊಮ್ಮಗಳ ಜೊತೆ ಕೆಮ್ಮಣ್ಣುಗುಂಡಿಗೆ ಹೋಗಿ, ಮೆಟ್ಟಿಲು ಹತ್ತಿದ ಫೋಟೋ ಕಳ್ಸಿದ್ರಿ. ನಮ್ಮಮ್ಮಿಗೆ ತೋರಿಸ್ದೆ. ನಂಗೂ ಆ ಮಾತ್ರೆ ಕೊಡ್ಸೇ ಅಂದ್ರು. ಅಂಥದ್ದನ್ನ ಬಿಡು ಅಂದ್ರೆ ಯಾರು ಬಿಡ್ತಾರೆ...

ಉಳಿದಿರೋ ಮಾತ್ರೆ ತನ್ನಿ. ಸುಮ್ನೆ, ನೋಡೋಕೆ. ಹಾಂ... ಈ ಡಬ್ಬಿ ನನ್ನ ಹತ್ರಾನೇ ಇರ್ಲಿ. ಹೊಸದು ಆಮೇಲೆ ತಂದ್ಕೊಡ್ತೀನಿ.

ಡಬ್ಬಿ ಯಾಕೆ ಗಟ್ಟಿ ಹಿಡ್ಕೊಂಡಿದೀರಾ? ಬಿಡಿ.

ಹಂಗೆ ನೋಡ್ಬೇಡಿ ಅಕ್ಕಾ.

ಹೊಸದು ಬರಲ್ಲ. ಟೈಪ್ ಮಾಡೋರ ತಪ್ಪೂ ಅಲ್ಲ. ಅಜ್ಜಂಪುರದಲ್ಲಿದ್ದಾಗ್ಲೇ ಡಾಕ್ಟ್ರು ಫೋನ್ ಮಾಡಿದ್ರು. ಲಿವರಿಗೆ ತೊಂದ್ರೆ ಆಗಿದೆ, ಇವತ್ತೇ ಅಡ್ಮಿಟ್ ಮಾಡ್ಬೇಕು, ಜೊತೇಲೇ ಕರ್ಕೊಂಡು ಬಾ ಅಂದ್ರು. ಕಂಪ್ಯೂಟರಲ್ಲಿ ನಿಮ್ಮ ನಂಬರ್ ಆಗ್ಲೇ ಮುಚ್ಚಿದ್ರು, ಇನ್ನು ಆ ಮಾತ್ರೆ ನಿಮಗಿಲ್ಲ. ದಾರಿ ಉದ್ದಕ್ಕೂ ಹೆಂಗೆ ಹೇಳೋದು, ಹೆಂಗೆ ಹೇಳೋದು ಅನ್ಕೊಂಡೇ ಬಂದೆ. ಬೇಗ ಹೋದ್ರೆ ಹುಷಾರಾಗ್ತೀರಿ. ಅದು ಸುಳ್ಳಲ್ಲ. ಡಾಕ್ಟ್ರೇ ಹೇಳಿದ್ದು.

ಮತ್ತೆ... ಮಂಡಿ ಯಾಕೆ ಸವರ್ಕೊಳ್ತಿದೀರಾ?

ಹೂಂ ಅಕ್ಕಾ. ಆ ನೋವು ವಾಪಸ್ ಬರುತ್ತೆ.

ಏಳಿ. ಶಶಿಗೆ ಹೊರಗೇ ಹೇಳ್ದೆ, ಬಟ್ಟೆ ತುಂಬ್ತಾ ಇದಾಳೆ.