ಹಾವಿಗೆ ಹಾಸೋ ಹೊಟ್ಟು

ಟೊಲೀಡೋ ಊರಿನ ಸಾಕುಪ್ರಾಣಿ ಅಂಗಡಿಯಲ್ಲಿ ಬೆಕ್ಕಿನ ಆಹಾರ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದವನು ಮರದ ಹೊಟ್ಟಿನ ಚೀಲ ಮೂಸುತ್ತಿದ್ದ. ಪಕ್ಕದಲ್ಲಿದ್ದವಳು ಅವನನ್ನು ಬಿಟ್ಟ ಹೆಂಡತಿ ಅಂತ ಮಾತಿನಲ್ಲೇ ಗೊತ್ತಾಯಿತು.

"ಡ್ವೇನ್, ಅದನ್ನ ಅಲ್ಲೇ ಇಡು. ದೇವದಾರು ಹಾವಿಗೆ ವಿಷ."

"ಎಷ್ಟು ಘಮ್ಮಂತಿದೆ! ಬೆಲೇನೂ ಅರ್ಧ."

"ಹಿಂದಿನ ಹಾವನ್ನೂ ಹೀಗೇ ಘಮ್ಮಂತ ಕೊಂದೆ. ನಿನ್ನ ಮಗಳು ಪೈಪರ್ ಮೂರು ತಿಂಗಳು ನಿನ್ನ ಮನೆಗೆ ಕಾಲಿಡಲಿಲ್ಲ."

"ಹಳೇ ಪೇಪರ್ ಹಾಸ್ತೀನಿ ಬಿಡು. ಪುಕ್ಕಟೆ."

"ಹಾಸು. ತೂರ್ಕೊಳ್ಳೋಕೆ ಜಾಗ ಇಲ್ದೆ ಹಾವು ಊಟ ಬಿಡುತ್ತೆ. ಆಮೇಲೆ ಮಗಳು ನಿನ್ನ ಬಿಡ್ತಾಳೆ."

"ಅವಳು ಬರೋದು ಅಪ್ಪನ್ನ ನೋಡೋಕೆ, ಹಾವನ್ನಲ್ಲ."

"ಧೈರ್ಯ ಇದ್ರೆ ಅವಳನ್ನೇ ಕೇಳು."

ಅವನು ಕೇಳುವವನಂತೆ ಕಾಣಲಿಲ್ಲ. ದೇವದಾರನ್ನು ವಾಪಸಿಟ್ಟು, ಹಾವಿಗೆ ಒಗ್ಗುವ ದುಬಾರಿ ಆಸ್ಪೆನ್ ಮರದ ಹೊಟ್ಟಿನ ದೊಡ್ಡ ಚೀಲ ಎತ್ತಿಕೊಂಡ.

"ಈ ಜಾತಿ ಎಷ್ಟು ವರ್ಷ ಬದುಕುತ್ತೆ, ಶೆರ್ಲಿನ್?"

"ಚೆನ್ನಾಗಿ ನೋಡ್ಕೊಂಡ್ರೆ ಇಪ್ಪತ್ತು."

"ಹಾಗಾದ್ರೆ ಇಪ್ಪತ್ತು ವರ್ಷ ಬರ್ತಾಳೆ."

"ಬರ್ತಾಳೆ. ಕೋರ್ಟು ಹೇಳಿದ ಹಾಗೆ ತಿಂಗಳಿಗೆ ಎರಡು ದಿನ. ಅದೂ ಹಾವಿಗೆ. ಮಿಕ್ಕಿದ್ರೆ ನಿನಗೆ."

ಅವನು ದುಡ್ಡು ಕೊಟ್ಟು, ಚೀಲವನ್ನು ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡು ಹೊರಟ. ಬಾಗಿಲು ಅವಳೇ ತೆರೆದು ಹಿಡಿದಳು.