ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ಹೊತ್ತಿಕೊಂಡು ಜೀಪು ಸುಟ್ಟ ಬಗ್ಗೆ

ನನ್ನ ಹೆಸರು ನಟರಾಜ್, ತಂದೆ ಶಾಂತಮಲ್ಲಪ್ಪ, ವಯಸ್ಸು 19 ವರ್ಷ, ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟಿದ್ದು ಸದ್ಯ ಸಿಕ್ಕಿದ ಕೆಲಸ ಮಾಡಿಕೊಂಡಿರುತ್ತೇನೆ, ವಾಸ ಹೆಗ್ಗದ್ದೆ ಗ್ರಾಮ, ಸಕಲೇಶಪುರ ತಾಲ್ಲೂಕು. ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಸೋದರಮಾವ ಯೋಗಾನಂದರವರು ಎಸ್ಟೇಟ್‌ಗಳ ಲೆಕ್ಕವನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡಿಕೊಡುತ್ತಾರೆ. ದಿನಾಂಕ 19-7-2005ರ ಬೆಳಿಗ್ಗೆ ನಾನು ಅವರ ಜೊತೆ ಹಾನುಬಾಳಿನ ಒಂದು ಎಸ್ಟೇಟ್‌ಗೆ ಹೋಗಿದ್ದೆನು. ಕೆಲಸ ಮುಗಿಯುವಾಗ ಕಲೀಮುಲ್ಲಾರವರ ಬಾಡಿಗೆ ಜೀಪು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಲ್ಯಾಪ್‌ಟಾಪ್ ಪರದೆಯ ಮೇಲೆ ಸ್ಟ್ಯಾಂಡ್ ಬೈ, ಟರ್ನ್ ಆಫ್, ರೀಸ್ಟಾರ್ಟ್ ಎಂಬ ಮೂರು ಗುಂಡಿಗಳು ಬಂದವು. ಪೂರ್ತಿ ಆಫ್ ಮಾಡಿದರೆ ಸಕಲೇಶಪುರದಲ್ಲಿರುವ ಎಸ್ಟೇಟಿನ ಸಾಹುಕಾರರಿಗೆ ಲೆಕ್ಕ ತೋರಿಸುವಾಗ ಮತ್ತೆ ಆನ್ ಆಗಲು ತಡವಾಗುತ್ತದೆಂದು ಮಾವ ಮೊದಲನೆಯದನ್ನು ಒತ್ತಿ ಮುಚ್ಚಳ ಮುಚ್ಚಿದರು. ಸಣ್ಣ ದೀಪ ಮಿನುಗುತ್ತಲೇ ಇತ್ತು. ದೀಪ ಏಕೆ ಆರಿಲ್ಲವೆಂದು ನಾನು ಕೇಳಿದ್ದಕ್ಕೆ, "ಅದು ಮಲಗೈತೆ ಕಣೋ, ಸತ್ತಿಲ್ಲ. ನೀನು ಸುತ್ತು" ಎಂದರು. ಮಳೆಗಾಲದಲ್ಲಿ ನಮ್ಮ ಕಡೆ ರೇಡಿಯೊ ಒಯ್ಯುವ ಹಾಗೆಯೇ, ಥಂಡಿ ಹಿಡಿಯದಂತೆ ಅದನ್ನು ಪ್ಲಾಸ್ಟಿಕ್ಕಿನ ಗೊಬ್ಬರದ ಚೀಲಕ್ಕೆ ಹಾಕಿ, ಕಂಬಳಿ ಸುತ್ತಿ, ದಾರ ಬಿಗಿದೆನು.

ಜೀಪಿನ ಹಿಂದಿನ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆನು. ಕಲೀಮುಲ್ಲಾರವರು ತಿರುಗಿ ನೋಡಿ, "ಏನ್ ಮಾರಾಯ, ಬಾಣಂತಿ ಕೂಸು ಸುತ್ತಿದಂಗೆ ಸುತ್ಬುಟ್ಟಿದೀಯ, ಹಾಲು ಕುಡಿಸಿದ್ಯೇನೋ?" ಎಂದು ನಕ್ಕರು. ಅವರ ತುಟಿಯಲ್ಲಿ ಬೀಡಿ ಇತ್ತು. ಬೆಂಕಿಪೊಟ್ಟಣ ನೆನೆದಿದ್ದರಿಂದ ಹಚ್ಚಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಗಂಟು ಬೆಚ್ಚಗಾಯಿತು. ಚಳಿಗೆ ಹಿತವಾಗಿದ್ದರಿಂದ ಇನ್ನೂ ಅವುಚಿಕೊಂಡೆನು. ಆಮೇಲೆ ತೊಡೆ ಸುಡತೊಡಗಿತು. ಮುಂದೆ ಕುಳಿತಿದ್ದ ಮಾವನಿಗೆ ಹೇಳಿದ್ದಕ್ಕೆ ಅದು ಇಂಜಿನ್ ಕಾವು ಎಂದರು. ಕೂದಲು ಸುಟ್ಟ ವಾಸನೆ ಬಂತು. ಒಳಗೆ ಏನೋ ಸಿಡಿದು ಕಂಬಳಿಯಿಂದ ಬೆಂಕಿ ಎದ್ದಿತು. ನನಗೆ ಗಂಟನ್ನು ಬಿಡಲು ಕೈ ಬರಲಿಲ್ಲ. ಕಲೀಮುಲ್ಲಾರವರು ಜೀಪು ನಿಲ್ಲಿಸಿ, ಹಿಂದೆ ಓಡಿಬಂದು, ಬರಿಗೈಯಲ್ಲಿ ಗಂಟನ್ನು ಕಿತ್ತು ರಸ್ತೆಗೆ ಎಸೆದರು. ಕರಗಿದ ಚೀಲ ಅವರ ಎರಡೂ ಅಂಗೈಗೆ ಅಂಟಿಕೊಂಡಿತು. ನಾನೂ ಮಾವನೂ ಕೆಳಗಿಳಿಯುವಷ್ಟರಲ್ಲಿ ಸೀಟಿನ ಸ್ಪಂಜು ಹೊತ್ತಿ ಜೀಪು ಪೂರಾ ಉರಿಯಿತು.

ಗಾಯಕ್ಕೆ ಮದ್ದು ಹಾಕಿಸಲು ಹೋಗಿದ್ದ ಆಸ್ಪತ್ರೆಯ ಜಗಲಿಯಲ್ಲಿ ಮಾವ ನನ್ನನ್ನು ಕರೆದು, ಕಲೀಮುಲ್ಲಾರವರ ಬೀಡಿಯ ಕಿಡಿಯಿಂದ ಬೆಂಕಿ ಬಿತ್ತೆಂದು ತಾವು ದೂರು ಕೊಟ್ಟಿರುವುದಾಗಿಯೂ, ನಾನೂ ಹಾಗೆಯೇ ಹೇಳಬೇಕೆಂದೂ ತಿಳಿಸಿದರು. "ನಿಂಗೆ ಅನ್ನ ಹಾಕ್ದೋನು ನಾನು ಕಣೋ, ಆ ಜೀಪಿನೋನಲ್ಲ" ಎಂದರು. ನಾನು, "ಬೀಡಿ ಹಚ್ಚೇ ಇರಲಿಲ್ಲವಲ್ಲ ಮಾವ" ಎಂದೆನು. ಅವರು ಎದ್ದು ಹೋದರು.

ಕಲೀಮುಲ್ಲಾರವರನ್ನು ಆ ದೂರಿನ ಮೇಲೆ ಕರೆತಂದಿದ್ದು, ಅವರು ಈಗ ಕೈಗಳಿಗೆ ಪಟ್ಟಿ ಕಟ್ಟಿಸಿಕೊಂಡು ಇದೇ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ಬೆಂಕಿ ಅವರ ಕಡೆಯಿಂದ ಬರಲಿಲ್ಲ, ನನ್ನ ತೊಡೆಯ ಮೇಲಿನಿಂದ ಎದ್ದಿತು. ತೊಡೆಯ ಗಾಯವನ್ನು ತಮಗೆ ಬಟ್ಟೆ ಸರಿಸಿ ತೋರಿಸಿರುತ್ತೇನೆ.

ಬರೆದುದನ್ನು ಓದಿಸಿ ಕೇಳಿದೆನು. ನಾನು ಕಂಡು ಹೇಳಿದಂತೆಯೇ ಇದೆ. ಮಾವನನ್ನು ಎದುರಿಗೆ ಕೂರಿಸಿದರೂ ಇದನ್ನೇ ಹೇಳುತ್ತೇನೆ.

ಸ್ಥಳ: ಸಕಲೇಶಪುರ
ದಿನಾಂಕ: 20-7-2005
ಸಹಿ: ನಟರಾಜ್ ಎಸ್.