ಎಡವಣಿ

…ಅಲ್ಲ ಕಣೋ, ಹಿಂದುಮುಂದು ಮಾಡ್ಬಿಟ್ಯಲ್ಲ! ಅಳಿಸು, ಅಳಿಸು. ಸೀಮೆಸುಣ್ಣ ತಾನೇ, ಅಳಿಸು. ಎರಡನೇದು ಮೊದಲು ಬರೆದಿದೀಯ. ಹೀಗೇ ಕೆತ್ತಿಬಿಟ್ರೆ ಯಾರದೋ ಗೋರಿ ಆಗತ್ತೆ, ನನ್ನ ಗಂಡಂದಲ್ಲ!

ಇನ್ನೂ ಎಷ್ಟು ಸಲ ಹೇಳ್ಲಪ್ಪಾ? ಮೊದಲು ಇದು. ನಿನ್ನ ಮುಂದೆ ಕರ್ರಗೆ ಮಲಗಿದೆಯಲ್ಲ, ಬೆಳಗಿಂದ ಕುಟ್ತಾ ಇದೀಯಲ್ಲ, ಇದು. ಆಮೇಲೆ ನಿನ್ನ ಕೈಲಿರೋದು. ಉಳಿ ಅಲ್ವೋ! ಉಳೀನ ಯಾತರಿಂದ ಮಾಡ್ತಾರೆ? ಹಾಂ, ಅದು. ಎರಡೂ ಸೇರಿದ್ರೆ ನಮ್ಮನೆಯವರು. ಮೊದಲು ಎಡವಣಿ, ಆಮೇಲೆ ಟಣಕ.

ಯಾಕೆ ನಗ್ತೀಯ?

ನಗು, ನಗು. ಈಗಿನವರಿಗೆಲ್ಲ ನಗು. ನಿಮ್ಮಜ್ಜಿ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು, ಎರ್ಮೆಕ್. ಅವಳೇನಾದ್ರೂ ಒಂದಿನ ಗಂಡನ ಹೆಸರು ಬಾಯಲ್ಲಿ ತಂದಿದ್ಲಾ? ಗಂಡನ ಹೆಸರು ಬೇಡ, ಮಾವನ ಹೆಸರು ಬೇಡ, ಭಾವಂದಿರ ಹೆಸರು ಬೇಡ. ಹೆಸರು ಹಾಳಾಗಿ ಹೋಗ್ಲಿ, ಹೆಸರಿನೊಳಗೆ ಕೂತಿರೋ ಮಾತೂ ಬೇಡ! ನಂಗೋ, ಹಣೆಬರಹ, ಈ ಮನೇಲಿ ಎಲ್ಲರಿಗೂ ಸಾಮಾನಿನ ಹೆಸರೇ. ಮಾವನ ಹೆಸರಲ್ಲಿ ಸೌದೆ ಸೀಳೋದು ಇತ್ತು. ಹತ್ತೊಂಬತ್ತು ವರ್ಷದ ಹುಡುಗಿ, ಮದುವೆಯಾಗಿ ಮೂರು ದಿನ, ಪಕ್ಕದ ಮನೆಗೆ ಹೋಗಿ ಏನು ಕೇಳ್ಬೇಕು? "ಸೀಳಣಿ ಕೊಡ್ತೀರಾ" ಅಂದೆ. ಅವಳು ಜರಡಿ ಕೊಟ್ಟು ಕಳಿಸಿದ್ಲು!

ಆಯ್ತು, ಭಾವನ ಕಥೆ ಕೇಳು. ಅವರ ಹೆಸರಲ್ಲಿ ಒಂದು ವಾರ ಇದೆ. ಅದೇ, ಮಸೀದಿಗೆ ಹೋಗೋ ವಾರ. ನಾಲ್ವತ್ತೊಂದು ವರ್ಷದಿಂದ ನಂಗೆ ಗುರುವಾರ ಆದ್ಮೇಲೆ "ಗುರುವಾರದ ಮಾರನೇ ದಿನ". ಆಮೇಲೆ ಶನಿವಾರ. ಅದಕ್ಕೇ ಹೇಳಿದ್ದು, ವರ್ಷದ ಊಟ ಗುರುವಾರದ ಮಾರನೇ ದಿನ, ಅಷ್ಟರೊಳಗೆ ಇದು ಗೋರಿ ಮೇಲೆ ನಿಂತಿರ್ಬೇಕು. ಊಟಕ್ಕೆ ಕಡಿಯೋ ಕುದುರೆ ಗೊತ್ತಾಗಿದೆ, ಊರೆಲ್ಲ ಬರತ್ತೆ. ಹೆಸರಿಲ್ಲದ ಗೋರಿ ತೋರಿಸ್ಲಾ?

ನೀನೇ ಬರೆದುಕೊಡು ಅಂತೀಯಾ? ಭಲೆ! ಬೆರಳಲ್ಲಿ ಬರೆದ್ರೂ ಬಾಯಲ್ಲಿ ಹೇಳಿದ ಹಾಗೇ. ಕಾಗದಪತ್ರ ಭಾವನ ಹತ್ರ ಇದೆ, ಅವರು ಯಾವುದೋ ದೂರದ ಸಂತೆಗೆ ಆ ಕುದುರೆ ತರಕ್ಕೆ ಹೋಗಿದಾರೆ. ಎಡವಣಿ, ಟಣಕ. ಇಷ್ಟು ಸಾಲಲ್ವಾ? ಕಿರ್ಗಿಜನಾಗಿ ಹುಟ್ಟಿದೀಯ, ಇಷ್ಟು ಬಿಡಿಸಕ್ಕಾಗಲ್ವಾ?

ಹೋದ ವರ್ಷಕ್ಕೆ ಮುಂಚೆ ಬಿಷ್ಕೆಕ್‌ನಿಂದ ಒಬ್ಬಳು ಹುಡುಗಿ ಬಂದಿದ್ಲು. ಓದಿದೋಳು, ಕನ್ನಡಕದೋಳು. ನನ್ನ ಮಾತೆಲ್ಲ ಯಂತ್ರದಲ್ಲಿ ಹಿಡ್ಕೊಂಡ್ಲು. ಇಂಥ ಮಾತು ಇನ್ನೂರಕ್ಕೆ ಮೇಲೆ ಸಿಕ್ತಂತೆ, ನಾನೇ ಹುಟ್ಟಿಸಿದ್ದು! "ಆಪಾ, ಇದನ್ನ ರಷ್ಯನ್‌ಗೆ ತರಕ್ಕಾಗ್ತಿಲ್ಲ, ಬರೀ ವಸ್ತು ಬರತ್ತೆ, ನಿಮ್ಮ ಭಯ ಬರಲ್ಲ, ಮರ್ಯಾದೆ ಬರಲ್ಲ" ಅಂತ ಪೆನ್ಸಿಲ್ ಕಚ್ತಾ ಕೂತಿದ್ಲು. ಕಝಕರಲ್ಲೂ ಇದೆಯಂತೆ. ಹಿಂದೂಸ್ತಾನದಲ್ಲೂ ಎಲ್ಲೋ ಹೆಂಗಸರು ಗಂಡನ ಹೆಸರು ಹೇಳಲ್ವಂತೆ, ಕೇಳಿದ್ಯಾ? ಅವರಿಗೆ ಪುಣ್ಯ, ಬರೀ ಹೆಸರು. ನಮ್ಮ ಹಾಗೆ ಸಾಮಾನಿನ ಮಾತೆಲ್ಲ ಬಿಡ್ಬೇಕಾಗಿಲ್ಲ.

ನಮ್ಮನೆಯವರಿಗೆ ಮಾತ್ರ ಮಜಾ. "ಇವತ್ತೇನು ಹೊಸಾ ಮಾಲು ಬಂತೇ?" ಅಂತ ದಿನಾ ಕೇಳೋರು. ಎಡವಣಿ ಅಂದ್ರೆ ಬಿದ್ದು ಬಿದ್ದು ನಗೋರು. ಮದುವೆಯಾದ ಹೊಸದ್ರಲ್ಲಿ ಹೊಸಿಲ ಹತ್ರ ನಾನು ಎಡವಿ ಬಿದ್ದೆ, ಹೆಬ್ಬೆರಳು ಕಿತ್ತೋಯ್ತು, "ಏನಾಯ್ತೇ?" ಅಂದ್ರು, ನಂಗೆ ಹೇಳಕ್ಕಿಲ್ಲ, ಅದರ ಹೆಸರು ಅವರದ್ದೇ! "ಎಡ… ಎಡವಣಿ" ಅಂದೆ ಅಳ್ತಾ. ಅವತ್ತಿಂದ ಅದೇ ಆಯ್ತು. ಮಕ್ಕಳು ಇಸ್ಕೂಲಲ್ಲೂ ಹಾಗೇ ಅಂದು ಮೇಷ್ಟ್ರ ಹತ್ರ ಬೈಸಿಕೊಂಡ್ರು.

ಮಣ್ಣು ಮಾಡೋ ದಿನ ಸುತ್ತ ಕೂತು ಹಾಡ್ಕೊಂಡು ಅಳ್ತಾರಲ್ಲ, ಆಗಲೂ ನಾನು ಹೆಸರು ಹಿಡೀಲಿಲ್ಲ. "ಮನೆಯ ಕಂಬವೇ" ಅಂದೆ, "ಬಿಳಿ ಟೋಪಿಯವರೇ" ಅಂದೆ. ಮುದುಕಿಯರೆಲ್ಲ ಹೊಗಳಿದ್ದೇ ಹೊಗಳಿದ್ದು. ಸೊಸೆ ಅಂದ್ರೆ ಇವಳು ಅಂತ. ಹೊಗಳಿದ್ರು… ನಾನು ಗೋಡೆ ಕಡೆ ತಿರುಗಿ ಕೂತೆ.

ಹೇಗಾಯ್ತು ಅಂದ್ರೆ ಏನು ಹೇಳೋದು? ಊರಿಗೇ ಗೊತ್ತು. ಕಾಲುವೆಗೆ ನೀರು ತಿರುಗಿಸಕ್ಕೆ ಹೋಗಿದ್ರು. ಒಬ್ಬರೇ. ಮೇಲಿಂದ ಎಡವಣಿ ಬಿತ್ತು. ಸುತ್ತ ಒಂದು ನರಪಿಳ್ಳೆ ಇರ್ಲಿಲ್ಲ. ನಾನಾ? ನಾನು ಮನೇಲಿ. ಬೋರ್ಸೋಕ್ ಮಾಡಕ್ಕೆ ಹಿಟ್ಟು ನಾದ್ತಾ ಇದ್ದೆ. ದೇವರು ಕೊಟ್ಟ ಆಯುಸ್ಸು ಅಷ್ಟೇ, ಯಾರು ಏನು ಮಾಡಕ್ಕಾಗತ್ತೆ.

ಮುಖ ಸರಿಯಾಗಿ ಕೆತ್ತೋ ಮೊದಲು! ಇದೇನು, ತುಟಿ ಹೀಗೆ ಬಿಗಿದಿದೀಯ, ಪೊಲೀಸಿನೋನ ಹಾಗೆ? ಫೋಟೋ ನೋಡು, ನಗ್ತಿದಾರೆ. ಹಾಗೇ ಬರ್ಬೇಕು. ನಗುವಾಗ ಎಡಗಡೆ ಮೀಸೆ ಒಂಚೂರು ಮೇಲೆ ಹೋಗತ್ತೆ. ಕೊನೇಲೂ ಹಾಗೇ ಇತ್ತು, ಕಾಲ್ಬುಡ ನೋಡ್ಕೊಂಡು ನಗ್ತಾ…

ಏನು?

ಏನಿಲ್ಲ. ಕುಟ್ಟು ನೀನು.

ಸುತ್ತಿಗೆ ಯಾಕೆ ಕೆಳಗಿಟ್ಟೆ?… ಯಾರೋ ಹೇಳಿದ್ರು ಕಣೋ ನಂಗೆ, ನಗ್ತಾ ಇದ್ರು ಅಂತ. ಯಾರು ಅಂದ್ರೆ… ಪಕ್ಕದ್ಮನೆಯವರು. ಯಾರೂ ಇರ್ಲಿಲ್ಲ ಅಂದ್ನಾ ನಾನು? ಅಂದ್ನೇನೋ. ವಯಸ್ಸಾಯ್ತು, ಬಾಯಿಗೆ ಬಂದಿದ್ದು ಹೇಳ್ತೀನಿ. ಹಾಗೆ ನೋಡ್ಬೇಡ. ಆಗಿಂದ ಹಲ್ಲು ಕಿರೀತಿದ್ದೆ, ಈಗ ನಗಲ್ವಾ? ನಗು! ಎರ್ಮೆಕ್… ನಗೋ.

…ಬುತ್ತಿ ತಗೊಂಡು ಹೋಗಿದ್ದೆ. ಹಿಟ್ಟು ಬೆಳಗ್ಗೇನೇ ನಾದಿದ್ದು. ಕಾಲುವೆ ಈಚೆ ನಾನು, ಆಚೆ ಅವರು. ಇಪ್ಪತ್ತು ಮಾರು ಇಲ್ಲ. ಮೇಲೆ ಗುಡ್ಡದಲ್ಲಿ ಅದು ಕಳಚಿಕೊಂಡಿದ್ದು ನಾನು ನೋಡ್ದೆ, ಅವರು ಬಗ್ಗಿದ್ರು, ನೋಡ್ಲಿಲ್ಲ. ನಮ್ಮ ಗುಡ್ಡದಲ್ಲಿ ಅಂಥ ಹೊತ್ತಲ್ಲಿ ಏನು ಕೂಗ್ಬೇಕು ಅಂತ ತೊದಲೋ ಮಗೂಗೂ ಗೊತ್ತು. ಒಂದೇ ಮಾತು. ನಾಲಿಗೆ ತುದಿಗೆ ಬಂತು ನಂಗೆ. ಬಂದು… ನಿಂತ್ಕೊಂಡ್ತು. ಯಾರೂ ಇರ್ಲಿಲ್ಲ ಅಲ್ಲಿ, ಅತ್ತೆ ಸತ್ತು ಹದಿನೈದು ವರ್ಷ, ಯಾರು ಕೇಳ್ತಿದ್ರು ನನ್ನ? ಆದ್ರೂ ನಿಂತ್ಕೊಂಡ್ತು!

"ಎಡವಣಿ!" ಅಂತ ಕೂಗ್ದೆ. "ಎಡವಣಿ! ಎಡವಣಿ!"

ಕೇಳಿಸ್ತು ಅವರಿಗೆ. ಚೆನ್ನಾಗೇ ಕೇಳಿಸ್ತು. ಎಡವೋದು ಎಲ್ಲಿರತ್ತಪ್ಪಾ? ಕಾಲ ಹತ್ರ ತಾನೇ? ಕಾಲು ನೋಡ್ಕೊಂಡ್ರು. ಮೇಲೆ ನೋಡ್ಲಿಲ್ಲ. ಕಾಲು ನೋಡ್ಕೊಂಡು ನಕ್ಕು, "ಎಲ್ಲೇ?" ಅಂದ್ರು.

ಎಲ್ಲೇ ಅಂದ್ರು.

ತಾಶ್! ಕಲ್ಲು! ಎಷ್ಟು ಚಿಕ್ಕ ಮಾತು, ನೋಡು. ಕಲ್ಲು ಬಂತು ಅಂದ ಹಾಗೂ ಆಗ್ತಿತ್ತು, ಗಂಡನ್ನ ಕರೆದ ಹಾಗೂ ಆಗ್ತಿತ್ತು. ಇನ್ನೂರು ಮಾತು ಹುಟ್ಟಿಸಿದೋಳಿಗೆ ಇರೋ ಮಾತೊಂದು ಬಾಯಿಗೆ ಬರ್ಲಿಲ್ಲ.

ತಗೋ ಸೀಮೆಸುಣ್ಣ. ಬರ್ಕೋ. ಕಲ್ಲು ಮೊದಲು, ಕಬ್ಬಿಣ ಆಮೇಲೆ. ತಾಶ್‌ತೆಮಿರ್. ತಾಶ್‌ತೆಮಿರ್!… ಕೇಳಿಸ್ತಾ ನಿಂಗೆ? ಅಲ್ಲಿ ರಸ್ತೇಲಿ ಹೋಗ್ತಿರೋನು ಕೂಡ ತಿರುಗಿ ನೋಡ್ದ, ನೋಡು. ಇಷ್ಟೇ ಜೋರು ಸಾಕಾಗಿತ್ತು ಕಣೋ.